ಬಳ್ಳಾರಿಯ ಬಾಗಿಲಿನಿಂದ ಎಣಿಸಿದ ಮೈಲುಗಳು

ತೋರಣಗಲ್ಲಿನ ಕಾರ್ಖಾನೆಗಳಿಗೆ ಯಂತ್ರದ ಬಿಡಿಭಾಗ ಪೂರೈಸುವ ಹಿರಿಯರೊಬ್ಬರು ಪ್ರತಿ ದೀಪಾವಳಿಗೆ ನಮ್ಮ ಗೋದಾಮಿನ ಲಕ್ಷ್ಮೀಪೂಜೆಗೆ ಬರುತ್ತಾರೆ. ಅಪ್ಪನ ಕಾಲದ ಪರಿಚಯ. ಮುಂಬೈ, ಕೋಲ್ಕತ್ತ, ಚೆನ್ನೈ ಎಂದು ತಿಂಗಳಲ್ಲಿ ಅರ್ಧ ಭಾಗ ಊರ ಹೊರಗೇ ಇರುತ್ತಾರೆ. ಕಳೆದ ಹಬ್ಬದಲ್ಲಿ ಪೂಜೆ ಮುಗಿದು ಎಲ್ಲರೂ ಒಗ್ಗರಣೆ ಮಿರ್ಚಿ ತಿನ್ನುತ್ತಿದ್ದಾಗ ಅವರು ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. ವಿಮಾನ ಕಂಪನಿಯೊಂದರ ಸದಸ್ಯತ್ವದ ಪುಟ. ಅದರಲ್ಲಿ, ಹಾರಿದ್ದಕ್ಕೆ ಕಂಪನಿ ಕೊಟ್ಟ, ಮುಂದೆ ಟಿಕೆಟ್ಟಿಗೆ ಬಳಸಬಹುದಾದ ಲಕ್ಷಗಟ್ಟಲೆ ಪಾಯಿಂಟ್‌ಗಳು. “ವರ್ಷಗಳಿಂದ ಕೂಡಿಸಿದ್ದೇನಮ್ಮ, ಒಂದನ್ನೂ ಮುಟ್ಟಿಲ್ಲ” ಎಂದರು. ಮಾತು ಹಾಗೆಯೇ ಮುಂದುವರಿದಾಗ ಇನ್ನೊಂದು ವಿಷಯವೂ ಹೊರಬಿತ್ತು. ಸೊಸೆಯ ಹೆರಿಗೆಗೆಂದು ಅವರ ಮನೆಯವರು ಅದೇ ವಾರ ಪುಣೆಗೆ ಹೋಗಿದ್ದರು, ಹಬ್ಬದ ದುಬಾರಿ ದರದಲ್ಲಿ, ಪೂರ್ತಿ ಹಣ ತೆತ್ತು. “ದೊಡ್ಡಪ್ಪ, ಅದಕ್ಕೆ ಇವನ್ನು ಬಳಸಬಹುದಿತ್ತಲ್ಲ?” ಎಂದು ಕೇಳಿದೆ. “ಇರಲಿ ಬಿಡಮ್ಮ, ಬೆಳೆಯಲಿ” ಎಂದರು.

ಆ “ಬೆಳೆಯಲಿ” ಎಂಬ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಬಡ್ಡಿಯ ಲೆಕ್ಕವನ್ನು ಪೈಸೆಯವರೆಗೆ ಬಾಯಲ್ಲೇ ಹೇಳಬಲ್ಲ ವ್ಯಾಪಾರಸ್ಥರು ಅವರು. ಆದರೂ ಬಡ್ಡಿಯೇ ಇಲ್ಲದ, ದಿನ ಕಳೆದಂತೆ ಸವೆಯುವ ಒಂದು ವಸ್ತುವನ್ನು ಬೆಳೆಯುತ್ತದೆಂದು ನಂಬಿ ಕೂತಿದ್ದಾರೆ. ಅವರೊಬ್ಬರೇ ಅಲ್ಲ. ನಮ್ಮ ಊರಿನ ಗಣಿ, ಉಕ್ಕು, ಜೀನ್ಸ್ ವ್ಯವಹಾರದಲ್ಲಿ ಓಡಾಡುವ ಎಷ್ಟೋ ಜನರ ಮೊಬೈಲಿನಲ್ಲಿ ಇಂಥ ಪಾಯಿಂಟ್‌ಗಳು ಮಲಗಿವೆ. ನಮ್ಮದು ಕೌಲ್‌ಬಜಾರಿನ ಕಡೆಯ ಸಣ್ಣ ಜೀನ್ಸ್ ಘಟಕ. ಡೆನಿಂ ಖರೀದಿಗೆ ಅಹಮದಾಬಾದಿಗೆ, ಸಿದ್ಧ ಮಾಲಿನ ಆರ್ಡರ್‌ಗಳಿಗೆ ಬೇರೆ ಬೇರೆ ಊರುಗಳಿಗೆ ಹೋಗುವ ಕೆಲಸ ಅಪ್ಪನ ನಂತರ ನನ್ನ ಪಾಲಿಗೆ ಬಂದಿದೆ. ಹೀಗಾಗಿ ಪಾಯಿಂಟ್‌ಗಳ ವಿಷಯ ನನಗೆ ಹವ್ಯಾಸವಲ್ಲ, ಮನೆಯ ಖರ್ಚಿನ ಒಂದು ಭಾಗ. ಅದರ ಬಗ್ಗೆ ಓದಲು ಸಿಗುವುದೆಲ್ಲ ಮುಂಬೈ, ದೆಹಲಿ, ಬೆಂಗಳೂರಿನಲ್ಲಿ ಮನೆ ಇರುವವರಿಗೆ ಬರೆದದ್ದು. ಬಳ್ಳಾರಿಯ ಮನೆಯ ಬಾಗಿಲಿನಿಂದ ಲೆಕ್ಕ ಶುರು ಮಾಡಿದರೆ ಉತ್ತರ ಬೇರೆಯೇ ಬರುತ್ತದೆ ಎನ್ನುವುದು ನನ್ನ ಅನುಭವ.

ಉದ್ರಿ ಕೊಟ್ಟವರು ನಾವು

ಅಪ್ಪ ಉದ್ರಿ ಪುಸ್ತಕವನ್ನು ತಿಂಗಳಿಗೊಮ್ಮೆ ತೆಗೆದು, ಯಾರ ಹೆಸರಿನ ಮುಂದೆ ಎಷ್ಟು ಬಾಕಿ ಇದೆ, ಎಷ್ಟು ದಿನವಾಯಿತು ಎಂದು ಬೆರಳಿಟ್ಟು ನೋಡುತ್ತಿದ್ದರು. ಹಳೆಯ ಬಾಕಿ ಬರುವ ಬಾಕಿಯಲ್ಲ ಎನ್ನುವುದು ಅವರ ನಂಬಿಕೆ. ಪಾಯಿಂಟ್ ಎಂದರೆ ವಿಮಾನ ಕಂಪನಿಗೋ ಹೋಟೆಲ್ ಸಮೂಹಕ್ಕೋ ನಾವು ಕೊಟ್ಟ ಉದ್ರಿ. ಟಿಕೆಟ್‌ಗೆ ಹಣ ಇಂದೇ ಕೊಟ್ಟಿದ್ದೇವೆ. ಅದರ ಒಂದು ಪಾಲನ್ನು ಮುಂದೆಂದೋ ಸೇವೆಯ ರೂಪದಲ್ಲಿ ತೀರಿಸುತ್ತೇವೆ ಎಂದು ಅವರು ಮಾತು ಕೊಟ್ಟಿದ್ದಾರೆ. ಸಾಮಾನ್ಯ ಉದ್ರಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ, ಆದರೆ ಬಹಳ ದೊಡ್ಡದು: ಇಲ್ಲಿ ಬಾಕಿಯ ಬೆಲೆ ಎಷ್ಟು ಎಂದು ನಿರ್ಧರಿಸುವವನು ಸಾಲಗಾರನೇ. ನಿನ್ನೆ ಹತ್ತು ಸಾವಿರ ಪಾಯಿಂಟ್‌ಗೆ ಸಿಗುತ್ತಿದ್ದ ಸೀಟಿಗೆ ನಾಳೆಯಿಂದ ಹದಿನೈದು ಸಾವಿರ ಎಂದು ಅವನು ಹೇಳಿದರೆ ಕೇಳಬೇಕಾದವರು ನಾವು.

ಇದು ಬರೀ ಅನುಮಾನವಲ್ಲ, ಹಿಂದೆ ಆದದ್ದನ್ನು ನೋಡಿಯೇ ಹೇಳುತ್ತಿದ್ದೇನೆ. ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ತನ್ನ ಯೋಜನೆ ಆರಂಭಿಸಿದಾಗ ಹಾರಿದ ದೂರಕ್ಕೆ ತಕ್ಕಂತೆ ‘ಮೈಲು’ ಎಂಬ ಹೆಸರಿನ ಪಾಯಿಂಟ್‌ಗಳನ್ನು ಕೊಡುತ್ತಿತ್ತು. ‘ಮೈಲ್ಸ್’ ಎಂಬ ಹೆಸರು ಇಂದಿಗೂ ಉಳಿದಿದೆ, ಆದರೆ 2015–16ರ ಹೊತ್ತಿಗೆ ಅಮೆರಿಕದ ದೊಡ್ಡ ಕಂಪನಿಗಳೆಲ್ಲ ದೂರವನ್ನು ಬಿಟ್ಟು ಖರ್ಚು ಮಾಡಿದ ಹಣಕ್ಕೆ ಮೈಲು ಕೊಡತೊಡಗಿದವು. ಏರ್ ಇಂಡಿಯಾ ಕೂಡ 2024ರಲ್ಲಿ ಅದೇ ದಾರಿ ಹಿಡಿಯಿತು. ಹೋಟೆಲ್‌ಗಳಲ್ಲಿ ಮ್ಯಾರಿಯಟ್ 2022ರಲ್ಲಿ ‘ಈ ಹೋಟೆಲಿಗೆ ಇಷ್ಟೇ ಪಾಯಿಂಟ್’ ಎನ್ನುವ ಪಟ್ಟಿಯನ್ನೇ ಕೈಬಿಟ್ಟು, ಕೋಣೆಯ ದರ ಏರಿಳಿದಂತೆ ಪಾಯಿಂಟ್ ಕೂಡ ಏರಿಳಿಯುವ ಪದ್ಧತಿಗೆ ಬಂದಿತು. ನಮ್ಮ ದೇಶದ್ದೇ ಇನ್ನೂ ಗಟ್ಟಿಯಾದ ಪಾಠಗಳಿವೆ. ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಸದಸ್ಯರ ಕೈಯಲ್ಲಿ ಉಳಿದದ್ದು ಕಾರ್ಡಿನ ಪ್ಲಾಸ್ಟಿಕ್ ಮಾತ್ರ. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ಕೊನೆಯ ಬಾರಿ ಹಾರಿತು. ಅದರ ಮೈಲುಗಳ ಯೋಜನೆ ಬೇರೆಯೇ ಕಂಪನಿಯಾಗಿದ್ದುದರಿಂದ ಇಂಟರ್‌ಮೈಲ್ಸ್ ಎಂದು ಹೆಸರು ಬದಲಿಸಿಕೊಂಡು ಬದುಕಿತು. ಆದರೆ ಕೂತು ಹಾರಲು ಅದಕ್ಕೆ ತನ್ನದೇ ವಿಮಾನವಿರಲಿಲ್ಲ. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾದಾಗ ಪಾಯಿಂಟ್‌ಗಳು ಒಂದಕ್ಕೊಂದರಂತೆ ವರ್ಗವಾದವು. ಅದು ಸದಸ್ಯರ ಭಾಗ್ಯ, ಹಕ್ಕಲ್ಲ.

ಇದರ ಮೇಲೆ ಅವಧಿ ಬೇರೆ. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲುಗಳು ಆಗಾಗ ಹಾರುತ್ತಿದ್ದರೂ ಸಾಮಾನ್ಯ ಸದಸ್ಯರಿಗೆ ಮೂರು ವರ್ಷಕ್ಕೆ ಮುಗಿಯುತ್ತವೆ. ಮ್ಯಾರಿಯಟ್‌ನಲ್ಲಿ ಎರಡು ವರ್ಷ ಯಾವ ವ್ಯವಹಾರವೂ ಇಲ್ಲದಿದ್ದರೆ ಖಾತೆ ಬರಿದಾಗುತ್ತದೆ. ಹಾಗಾಗಿ ದೊಡ್ಡಪ್ಪನವರಿಗೆ ನಾನು ಹೇಳಬೇಕಿದ್ದ ಮಾತು ಇದು: ವರ್ಷದ ಉದ್ರಿ ವರ್ಷದೊಳಗೆ ವಸೂಲಾಗಬೇಕು. ಹೋಗಲೇಬೇಕಾದ ಪ್ರಯಾಣವೊಂದು ಎದುರಿಗಿದ್ದು, ಪಾಯಿಂಟ್‌ಗೆ ಸೀಟು ಸಿಗುತ್ತಿದ್ದರೆ, ಇನ್ನೂ ಒಳ್ಳೆಯ ಅವಕಾಶ ಬರಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಮೊದಲ ಮುನ್ನೂರು ಕಿಲೋಮೀಟರ್

ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣವಿದೆ, ವಿದ್ಯಾನಗರ ಎಂಬ ಹೆಸರಿನಲ್ಲಿ. ಸಣ್ಣ ಊರುಗಳಿಗೆ ವಿಮಾನ ಒದಗಿಸುವ ಕೇಂದ್ರದ ಉಡಾನ್ ಯೋಜನೆಯಡಿ 2017ರಲ್ಲಿ ಇಲ್ಲಿಂದ ಟ್ರೂಜೆಟ್ ಹಾರತೊಡಗಿದಾಗ ನಾವೆಲ್ಲ ಸಂಭ್ರಮಪಟ್ಟೆವು. ಆ ಕಂಪನಿ 2022ರಲ್ಲಿ ನಿಂತಿತು. ಆಮೇಲೆ ಸ್ಟಾರ್ ಏರ್ ಬಂತು. ಈ ಸಣ್ಣ ವಿಮಾನಗಳು ನಮಗೆ ನಿಜಕ್ಕೂ ಉಪಕಾರಿ. ಆದರೆ ಪಾಯಿಂಟ್‌ಗಳ ದೃಷ್ಟಿಯಿಂದ ಅವು ಬೇರೆ ಲೋಕ: ಏರ್ ಇಂಡಿಯಾದ ಪಾಯಿಂಟ್ ಇಟ್ಟುಕೊಂಡು ತೋರಣಗಲ್ಲಿನಿಂದ ದೆಹಲಿಯವರೆಗೆ ಒಂದೇ ಟಿಕೆಟ್ ತೆಗೆಯಲಾಗುವುದಿಲ್ಲ. ಬೆಂಗಳೂರಿನವರೆಗಿನ ಪ್ರಯಾಣ ನಮ್ಮದೇ ಹೊಣೆ. ಅದು ತಡವಾಗಿ ಮುಂದಿನ ವಿಮಾನ ತಪ್ಪಿದರೆ ಆ ನಷ್ಟವೂ ನಮ್ಮದೇ. ಆದ್ದರಿಂದ ಮುಖ್ಯವಾದ ಪ್ರಯಾಣಕ್ಕೆ ನಾನು ಈಗಲೂ ನಂಬುವುದು ರಾತ್ರಿಯ ರೈಲು ಮತ್ತು ಬಸ್ಸನ್ನು.

ಪಾಯಿಂಟ್‌ಗೆ ಸಿಗುವ ಸೀಟು ಎಷ್ಟೋ ಸಲ ಯಾರಿಗೂ ಬೇಡವಾದ ಹೊತ್ತಿನದು, ಬೆಳಗಿನ ಜಾವದ್ದೋ ನಡುರಾತ್ರಿಯದೋ. ಬೆಂಗಳೂರಿನವರು ಆರು ಗಂಟೆಯ ವಿಮಾನಕ್ಕೆ ಮೂರಕ್ಕೆ ಎದ್ದು ಹೊರಟರೆ ಸಾಕು. ನಾವು ಹಿಂದಿನ ಸಂಜೆಯೇ ಮನೆ ಬಿಡಬೇಕು. ಒಂದೋ ನಿಲ್ದಾಣದ ಕುರ್ಚಿಯಲ್ಲಿ ರಾತ್ರಿ ಕಳೆಯಬೇಕು, ಇಲ್ಲವೇ ದೇವನಹಳ್ಳಿಯ ಕಡೆ ಕೋಣೆ ಹಿಡಿಯಬೇಕು. ಆ ಕೋಣೆಯ ಬಾಡಿಗೆಯನ್ನು ‘ಉಚಿತ’ ಟಿಕೆಟ್ಟಿನ ಬೆಲೆಯಿಂದ ಕಳೆದರೆ ಉಳಿಯುವುದು ಕೆಲವೊಮ್ಮೆ ಏನೂ ಇಲ್ಲ. ಹಾಗೆಂದು ಎಲ್ಲವೂ ನಮಗೆ ಪ್ರತಿಕೂಲವಲ್ಲ. ಅನಂತಪುರದ ಹೆದ್ದಾರಿಯಲ್ಲಿ ಹೋದರೆ ಬೆಂಗಳೂರಿನ ಸಂಚಾರದೊಳಗೆ ಸಿಲುಕದೆಯೇ ದೇವನಹಳ್ಳಿ ತಲುಪಬಹುದು. ರಾಯಚೂರಿನವರು ಮೆಹಬೂಬ್‌ನಗರದ ದಾರಿ ಹಿಡಿದರೆ ಹೈದರಾಬಾದಿಗೆ ಮೊದಲೇ ಶಂಷಾಬಾದ್ ನಿಲ್ದಾಣ ಬರುತ್ತದೆ. ಕೊಪ್ಪಳದವರಿಗೆ ಗದಗ ದಾಟಿದರೆ ಹುಬ್ಬಳ್ಳಿ. ಅಂದರೆ ನಮ್ಮ ಭಾಗದ ಯಾರೊಬ್ಬರಿಗೂ ಇದೇ ನನ್ನ ನಿಲ್ದಾಣ ಎಂಬ ಕಟ್ಟುಪಾಡಿಲ್ಲ. ಹೇಗಿದ್ದರೂ ಒಂದು ರಾತ್ರಿ ಪ್ರಯಾಣ ಮಾಡಲೇಬೇಕೆಂದ ಮೇಲೆ ಬೆಂಗಳೂರಿನಿಂದ ಸೀಟು ಸಿಗದಿದ್ದರೆ ಹೈದರಾಬಾದಿನಿಂದ ಹುಡುಕಬಹುದು, ಹೋಗುವುದು ಅಲ್ಲಿಂದ, ಬರುವುದು ಇಲ್ಲಿಗೆ ಎಂದೂ ಮಾಡಬಹುದು. ಹಣ ಕೊಟ್ಟು ಕೊಳ್ಳುವಾಗ ಹೋಗುವ ಬರುವ ಟಿಕೆಟ್ಟುಗಳನ್ನು ಒಟ್ಟಿಗೆ ತೆಗೆಯುವ ರೂಢಿ ಇದೆ. ಪಾಯಿಂಟ್‌ಗೆ ಒಂದೊಂದು ದಿಕ್ಕನ್ನು ಬೇರೆ ಬೇರೆಯಾಗಿ ತೆಗೆದರೂ ನಷ್ಟವಿಲ್ಲ. ಊರು ದೂರವಿರುವವರಿಗೆ ಇದು ದೊಡ್ಡ ಅನುಕೂಲ, ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಹೋಟೆಲಿನ ವಿಷಯದಲ್ಲಿ ಈ ದೂರ ಇನ್ನೂ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ. ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರು ಬೆಂಗಳೂರಿನಲ್ಲಿ ಬೆಳಗ್ಗೆ ಇಳಿಯುತ್ತಾರೆ. ಹೋಟೆಲಿನ ಕೋಣೆ ಸಿಗುವುದು ಮಧ್ಯಾಹ್ನ ಎರಡಕ್ಕೆ. ಮರಳುವ ರೈಲು ರಾತ್ರಿ. ಕೋಣೆ ಬಿಡಬೇಕಾದದ್ದು ಹನ್ನೆರಡಕ್ಕೆ. ಹೀಗೆ ಎರಡೂ ಕಡೆ ಅರ್ಧರ್ಧ ದಿನ ಚೀಲ ಹಿಡಿದುಕೊಂಡು ಅಲೆಯುವುದು ನಮ್ಮ ಊರಿನ ಪ್ರತಿಯೊಬ್ಬ ಪ್ರಯಾಣಿಕರಿಗೂ ಗೊತ್ತಿರುವ ಪಾಡು. ಸ್ಯಾಂಪಲ್ ಪ್ಯಾಂಟುಗಳ ಗಂಟು ಹೊತ್ತುಕೊಂಡು, ಮುಖ ತೊಳೆಯಲೂ ಜಾಗವಿಲ್ಲದೆ, ನೇರವಾಗಿ ಖರೀದಿದಾರರ ಕಚೇರಿಗೆ ಹೋಗಿ ಕೂತ ದಿನಗಳು ನನಗಿವೆ. ಹೋಟೆಲ್ ಸದಸ್ಯತ್ವದಲ್ಲಿ ಮೇಲಿನ ದರ್ಜೆ ಸಿಕ್ಕರೆ ಉಪಾಹಾರ ಉಚಿತ, ದೊಡ್ಡ ಕೋಣೆ ಎಂದೆಲ್ಲ ಹೇಳುತ್ತಾರೆ. ನನಗೆ ಅವೆಲ್ಲಕ್ಕಿಂತ ಬೆಲೆಯುಳ್ಳದ್ದು ತಡವಾಗಿ ಕೋಣೆ ಬಿಡುವ ಸೌಲಭ್ಯ. ಮ್ಯಾರಿಯಟ್‌ನಲ್ಲಿ ವರ್ಷಕ್ಕೆ 25 ರಾತ್ರಿ ತಂಗಿದವರ ಗೋಲ್ಡ್ ದರ್ಜೆಗೆ, ಕೋಣೆ ಖಾಲಿ ಇದ್ದರೆ ಮಧ್ಯಾಹ್ನ ಎರಡರವರೆಗೆ. 50 ರಾತ್ರಿ ತಂಗಿದವರ ಪ್ಲಾಟಿನಂ ದರ್ಜೆಗೆ, ರೆಸಾರ್ಟ್‌ಗಳನ್ನೂ ಸಮ್ಮೇಳನದ ಹೋಟೆಲುಗಳನ್ನೂ ಬಿಟ್ಟರೆ ಉಳಿದೆಡೆ ಸಂಜೆ ನಾಲ್ಕರವರೆಗೆ. ಸಂಜೆ ನಾಲ್ಕರವರೆಗೆ ಕೋಣೆ ಇದ್ದರೆ ಮಧ್ಯಾಹ್ನದ ಕೆಲಸ ಮುಗಿಸಿ ಬಂದು, ಸ್ನಾನ ಮಾಡಿ, ಒಂದು ಗಳಿಗೆ ಅಡ್ಡಾಗಿ, ನೆಮ್ಮದಿಯಾಗಿ ರೈಲಿಗೆ ಹೊರಡಬಹುದು. ವಿಮಾನದಲ್ಲೇ ಓಡಾಡುವವರಿಗೆ ಈ ಎರಡು ಮೂರು ಗಂಟೆಗಳ ಬೆಲೆ ಅರ್ಥವಾಗಲಿಕ್ಕಿಲ್ಲ.

ಒಂಟಿಯಾಗಿ ಓಡಾಡುವ ಹೆಂಗಸಾಗಿ ಇನ್ನೊಂದು ಮಾತು ಸೇರಿಸಬೇಕು. ಬೇರೆ ಜಾಲತಾಣದ ಮೂಲಕ ಕಡಿಮೆ ದರಕ್ಕೆ ಕಾದಿರಿಸಿದ್ದ ಒಂದು ಹೋಟೆಲಿಗೆ ರಾತ್ರಿ ಹನ್ನೊಂದರ ಹೊತ್ತಿಗೆ ತಲುಪಿದಾಗ, ನಿಮ್ಮ ಹೆಸರಿನಲ್ಲಿ ಕೋಣೆಯೇ ಇಲ್ಲ ಎಂದರು. ಭಾಷೆ ಬಾರದ ಊರು, ಹೊರಗೆ ಚಳಿ. ಅಂದಿನಿಂದ ನಾನು ಹೋಟೆಲಿನ ಸ್ವಂತ ತಾಣದಲ್ಲೇ, ಸದಸ್ಯತ್ವದ ಸಂಖ್ಯೆ ಹಾಕಿಯೇ ಕೋಣೆ ಕಾದಿರಿಸುತ್ತೇನೆ. ದೊಡ್ಡ ಸಮೂಹಗಳು ಪಾಯಿಂಟ್ ಕೊಡುವುದೂ, ರಾತ್ರಿಗಳನ್ನು ದರ್ಜೆಯ ಲೆಕ್ಕಕ್ಕೆ ಹಿಡಿಯುವುದೂ ಹಾಗೆ ನೇರವಾಗಿ ಕಾದಿರಿಸಿದಾಗಲೇ. ಅಹಮದಾಬಾದಿನಲ್ಲಿ ನಾನು ಇಳಿಯುವ ಹೋಟೆಲಿನ ರಿಸೆಪ್ಷನ್‌ನಲ್ಲಿ ಈಗ ನನ್ನ ಮುಖ ಗೊತ್ತು. ವಿಮಾನ ತಡವಾದರೆ ಅವರೇ ಫೋನ್ ಮಾಡಿ ಕೇಳುತ್ತಾರೆ. ನಿಷ್ಠೆ ಎಂಬ ಮಾತಿಗೆ ಈ ವ್ಯವಹಾರದಲ್ಲಿ ಏನಾದರೂ ಅರ್ಥವಿದ್ದರೆ ಅದು ಇಲ್ಲಿದೆ ಎಂದು ನನಗನ್ನಿಸುತ್ತದೆ.

ಪೈಸೆಯ ಲೆಕ್ಕ

ಲೆಕ್ಕ ಕಷ್ಟದ್ದಲ್ಲ. ಒಂದು ಟಿಕೆಟ್ಟಿಗೆ ₹8,400 ಎಂದಿಟ್ಟುಕೊಳ್ಳಿ. ಅದೇ ಸೀಟಿಗೆ 9,000 ಪಾಯಿಂಟ್ ಮತ್ತು ತೆರಿಗೆ, ಶುಲ್ಕವೆಂದು ₹1,200 ಕೇಳುತ್ತಾರೆ. ಉಳಿದದ್ದು ₹7,200, ಅದನ್ನು 9,000ದಿಂದ ಭಾಗಿಸಿದರೆ ಪಾಯಿಂಟ್‌ಗೆ 80 ಪೈಸೆ. ಅದೇ ಪಾಯಿಂಟ್‌ಗಳಿಗೆ ಮಿಕ್ಸರ್, ಸೂಟ್‌ಕೇಸ್, ಉಡುಗೊರೆ ಕೂಪನ್ ಕೊಳ್ಳಲು ಹೋದರೆ ಬಹುತೇಕ ಇದರ ಅರ್ಧವೂ ಗಿಟ್ಟುವುದಿಲ್ಲ. ತೆರಿಗೆ, ಶುಲ್ಕ ಎಂಬ ಸಾಲಿನ ಮೇಲೆ ಮಾತ್ರ ಕಣ್ಣಿರಲಿ. ಕೆಲವು ವಿದೇಶಿ ಕಂಪನಿಗಳು ಇಂಧನದ ಹೆಸರಿನಲ್ಲಿ ಆ ಸಾಲಿಗೆ ದೊಡ್ಡ ಮೊತ್ತ ಸೇರಿಸುತ್ತವೆ, ಪಾಯಿಂಟ್ ಕೊಟ್ಟ ಮೇಲೂ ಅರ್ಧ ಟಿಕೆಟ್ಟಿನ ಹಣ ಕೊಡಬೇಕಾಗುತ್ತದೆ.

ನನಗೆ ಒಪ್ಪಿಗೆಯಾಗದ್ದು ಬಿಸಿನೆಸ್ ಕ್ಲಾಸಿನ ಲೆಕ್ಕ. ಎರಡು ಲಕ್ಷದ ಸೀಟನ್ನು ಪಾಯಿಂಟ್‌ಗೆ ಪಡೆದು, ಒಂದೊಂದು ಪಾಯಿಂಟ್‌ಗೂ ಮೂರು ರೂಪಾಯಿ ಬೆಲೆ ಬಂತು ಎಂದು ಹೇಳುವವರಿದ್ದಾರೆ. ಆ ಸೀಟಿಗೆ ಅವರು ಎಂದಾದರೂ ಎರಡು ಲಕ್ಷ ಕೊಡುತ್ತಿದ್ದರೇ? ಕೊಡುತ್ತಿರಲಿಲ್ಲ ಎಂದಾದರೆ ಉಳಿಸಿದ್ದು ಎರಡು ಲಕ್ಷವಲ್ಲ. ಬೆಲೆಯನ್ನು ಅಳೆಯಬೇಕಾದದ್ದು ನಮ್ಮ ಕಿಸೆಯಿಂದ ನಿಜವಾಗಿ ಹೋಗುತ್ತಿದ್ದ ಹಣದಿಂದ. ಮಂಡಿನೋವಿನ ತಾಯಿಯನ್ನು ಅಮೆರಿಕಕ್ಕೆ ಮಗನ ಬಳಿಗೆ ಕಳಿಸುವಾಗ ಕಾಲು ಚಾಚಿ ಮಲಗುವ ಸೀಟು ಬೇಕೆನಿಸಿದರೆ ಅದು ಬೇರೆ ಮಾತು. ಅಲ್ಲಿ ಅವಶ್ಯಕತೆ ಇದೆ, ಪಾಯಿಂಟ್ ಅದನ್ನು ಪೂರೈಸುತ್ತದೆ.

ಖರ್ಚಿಗೆ ಪಾಯಿಂಟ್ ಕೊಡುವ ಕ್ರೆಡಿಟ್ ಕಾರ್ಡಿನ ಬಗ್ಗೆ ಒಂದೇ ಮಾತು. ಬಾಕಿ ಉಳಿಸಿಕೊಂಡರೆ ಹೆಚ್ಚಿನ ಕಾರ್ಡ್‌ಗಳು ತಿಂಗಳಿಗೆ ಶೇ 3.5ರ ಆಸುಪಾಸು ಬಡ್ಡಿ ಹಾಕುತ್ತವೆ, ವರ್ಷಕ್ಕೆ ಶೇ 40 ದಾಟುತ್ತದೆ. ನೂರು ರೂಪಾಯಿ ಖರ್ಚಿಗೆ ಒಂದೆರಡು ರೂಪಾಯಿಯ ಪಾಯಿಂಟ್ ಬರುವ ಕಡೆ ಇಂಥ ಬಡ್ಡಿ ಕಟ್ಟುವವರಿಗೆ ಯಾವ ಯೋಜನೆಯೂ ಲಾಭ ತರುವುದಿಲ್ಲ. ಹಾಗೆಯೇ ವ್ಯಾಪಾರದ ಪ್ರಯಾಣಕ್ಕೆ ನಾನು ಪಾಯಿಂಟ್ ಬಳಸುವುದಿಲ್ಲ. ಅಲ್ಲಿ ಬಿಲ್ಲು ಬೇಕು, ಅದನ್ನು ಘಟಕದ ಖರ್ಚಿನಲ್ಲಿ ತೋರಿಸಬೇಕು. ವ್ಯಾಪಾರಕ್ಕೆ ಹಣ, ಮನೆಯವರಿಗೆ ಪಾಯಿಂಟ್. ಸಂಬಳಕ್ಕೆ ದುಡಿಯುವವರು ಕಂಪನಿಯ ಖರ್ಚಿನಲ್ಲಿ ಹಾರಿದಾಗ ಬಂದ ಪಾಯಿಂಟ್‌ಗಳನ್ನು ಮನೆಯವರಿಗಾಗಿ ಬಳಸುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಮನೆ ಬಿಟ್ಟು ರಾತ್ರಿಗಳನ್ನು ಕಳೆದವರು ಅವರು, ಅವರ ದಾರಿ ಕಾದವರು ಮನೆಯವರು. ಆದರೆ ಪಾಯಿಂಟ್ ಆಸೆಗೆ ಕಂಪನಿಯ ಹಣದಲ್ಲಿ ದುಬಾರಿ ವಿಮಾನ ಹತ್ತುವುದು ಮಾತ್ರ ಸರಿಯಲ್ಲ, ನಮ್ಮ ಘಟಕದಲ್ಲಿ ಅದಕ್ಕೆ ಅವಕಾಶ ಕೊಟ್ಟಿಲ್ಲ.

ಆಸ್ಪತ್ರೆಯ ಎದುರಿನ ಕೋಣೆ

ಪಾಯಿಂಟ್‌ಗಳ ಬಗ್ಗೆ ಮಾತನಾಡುವವರು ಸಮುದ್ರತೀರದ ಚಿತ್ರ ತೋರಿಸುತ್ತಾರೆ. ನಮ್ಮ ಭಾಗದ ಜನ ಹೆಚ್ಚು ಪ್ರಯಾಣ ಮಾಡುವುದು ಎಲ್ಲಿಗೆ ಎಂದು ಯೋಚಿಸಿದರೆ ಮೊದಲು ನೆನಪಾಗುವುದು ಆಸ್ಪತ್ರೆಗಳು. ಬೆಂಗಳೂರು, ಹೈದರಾಬಾದ್, ವೆಲ್ಲೂರು. ಅಪ್ಪನ ಹೃದಯದ ಶಸ್ತ್ರಚಿಕಿತ್ಸೆಗೆ ನಾವು ಬೆಂಗಳೂರಿನಲ್ಲಿದ್ದಾಗ, ಯಾವ ದಿನ ಮನೆಗೆ ಕಳಿಸುತ್ತಾರೆ ಎಂದು ಯಾರೂ ಹೇಳುವಂತಿರಲಿಲ್ಲ. ಅಗ್ಗದ ದರದ ಕೋಣೆಗಳೆಲ್ಲ ಮೊದಲೇ ಹಣ ಕಟ್ಟಿಸಿಕೊಳ್ಳುವಂಥವು. ರದ್ದು ಮಾಡಿದರೆ ಒಂದು ರೂಪಾಯಿಯೂ ಮರಳುವುದಿಲ್ಲ. ಪಾಯಿಂಟ್ ಕೊಟ್ಟು ಕಾದಿರಿಸಿದ ಕೋಣೆಯನ್ನು ಸಾಮಾನ್ಯವಾಗಿ ಹಿಂದಿನ ದಿನದವರೆಗೂ ರದ್ದು ಮಾಡಬಹುದು, ಪಾಯಿಂಟ್‌ಗಳು ಪೂರ್ತಿಯಾಗಿ ಖಾತೆಗೆ ಮರಳುತ್ತವೆ. ಪೈಸೆಯ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ. ಇನ್ನೆರಡು ದಿನ ಇರಲಿ ಎಂದು ವೈದ್ಯರು ಹೇಳಿದಾಗ, ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಮೊಬೈಲಿನಲ್ಲಿ ದಿನಾಂಕ ಬದಲಿಸಿದೆ. ಹಣದ ಚಿಂತೆ ಮಾಡಬೇಕಾದ ಇತರ ವಿಷಯಗಳು ಸಾಕಷ್ಟಿದ್ದವು. ಇದೊಂದು ಅವುಗಳ ಸಾಲಿನಲ್ಲಿ ಇರಲಿಲ್ಲ. ರಾತ್ರಿ ತಮ್ಮ ಅಪ್ಪನ ಬಳಿ ಇದ್ದರೆ, ನಾನೂ ಅವ್ವನೂ ಆ ಕೋಣೆಯಲ್ಲಿ ನಾಲ್ಕು ಗಂಟೆ ನಿದ್ದೆ ಮಾಡಿ, ಬೆಳಗ್ಗೆ ಅವನನ್ನು ಮಲಗಲು ಕಳಿಸುತ್ತಿದ್ದೆವು. ಮ್ಯಾರಿಯಟ್‌ನಲ್ಲಿ ಪಾಯಿಂಟ್ ಕೊಟ್ಟು ಸತತ ಐದು ರಾತ್ರಿ ಕಾದಿರಿಸಿದರೆ ನಾಲ್ಕಕ್ಕಷ್ಟೇ ಪಾಯಿಂಟ್ ಹಿಡಿಯುತ್ತಾರೆ ಎನ್ನುವುದು ಇಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬರುವ ಸಂಗತಿ. ಮನೆಯಲ್ಲಿ ವಯಸ್ಸಾದವರಿದ್ದರೆ ಒಂದಷ್ಟು ಹೋಟೆಲ್ ಪಾಯಿಂಟ್‌ಗಳನ್ನು ಮಾತ್ರ ಖರ್ಚು ಮಾಡದೆ ಉಳಿಸಿಕೊಳ್ಳಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಉದ್ರಿ ವಸೂಲು ಮಾಡಿ ಎಂಬ ನನ್ನದೇ ಮಾತಿಗೆ ಇದು ಹೊರತು ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಅವ್ವ ಕಾಶಿಗೆ ಹೋದದ್ದು

ಅಪ್ಪ ತೀರಿಕೊಂಡ ಮೇಲೆ ಅವ್ವ ಕಾಶಿಗೆ ಹೋಗಬೇಕೆಂದಳು. ಸಿರುಗುಪ್ಪದ ತವರಿನಿಂದ ಬಳ್ಳಾರಿಯ ಅತ್ತೆಮನೆ, ಅಲ್ಲಿಂದ ಆಸ್ಪತ್ರೆಗಳು, ಇಷ್ಟೇ ಅವಳ ಓಡಾಟ. ರೈಲಿನಲ್ಲಿ ಎರಡು ರಾತ್ರಿ ಕೂರಲು ಅವಳ ಸೊಂಟ ಬಿಡುತ್ತಿರಲಿಲ್ಲ. ವಿಮಾನದ ದರ ಕೇಳಿದ್ದರೆ ಅವಳೇ ಬೇಡ ಎನ್ನುತ್ತಿದ್ದಳು. ನನ್ನ ಖಾತೆಯಲ್ಲಿ ಇಬ್ಬರಿಗಾಗುವಷ್ಟು ಪಾಯಿಂಟ್‌ಗಳಿದ್ದವು. ದೆಹಲಿಯಲ್ಲಿ ವಿಮಾನ ಬದಲಿಸಿ ವಾರಾಣಸಿಗೆ ಸೀಟು ಸಿಕ್ಕಿತು. “ದುಡ್ಡು ಕೊಟ್ಟಿಲ್ಲವ್ವ, ನಾನು ಓಡಾಡಿದ್ದಕ್ಕೆ ಅವರೇ ಕೊಟ್ಟ ಟಿಕೆಟ್” ಎಂದೆ. “ಹಾಗಾದರೆ ನಿನ್ನ ದುಡಿಮೆಯದೇ ಅಲ್ಲವೇನೇ?” ಎಂದು ಕೇಳಿ, ಒಪ್ಪಿದಳು.

ಉಡಿ ತುಂಬಲು ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನದ ಕೊನೆ ಎಲ್ಲ ಕಟ್ಟಿಟ್ಟಿದ್ದಳು. ಒಣಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಬೇಗ ಬೆಂಕಿ ಹಿಡಿಯುವ ವಸ್ತುಗಳ ಸಾಲಿಗೆ ಸೇರುತ್ತದೆ, ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ ಎಂದು ವಿವರಿಸಿದೆ. ಅವಳು ಒಂದೊಂದೇ ಬಟ್ಟಲನ್ನು ಗಂಟಿನಿಂದ ತೆಗೆದು ದೇವರ ಮುಂದಿಟ್ಟು, ಆ ಜಾಗಕ್ಕೆ ಕಟಕರೊಟ್ಟಿ, ಶೇಂಗಾ ಚಟ್ನಿಪುಡಿಯ ಡಬ್ಬಿ ತುಂಬಿದಳು. ಗಾಲಿಕುರ್ಚಿ ಬೇಕೆಂದು ಟಿಕೆಟ್ ತೆಗೆಯುವಾಗಲೇ ತಿಳಿಸಿದ್ದೆ. ಅದಕ್ಕೆ ಬೇರೆ ಹಣವಿಲ್ಲ, ಪಾಯಿಂಟ್ ಟಿಕೆಟ್ಟಿಗೂ ಆ ಸೇವೆ ಹಾಗೆಯೇ ಇದೆ. ದೆಹಲಿಯ ಮೂರನೇ ಟರ್ಮಿನಲ್ಲಿನಲ್ಲಿ ಮುಂದಿನ ವಿಮಾನಕ್ಕೆ ಗಂಟೆಗಟ್ಟಲೆ ಸಮಯವಿತ್ತು. ಲೌಂಜ್ ಎಂಬ ವಿಶ್ರಾಂತಿ ಕೋಣೆಯ ಬಾಗಿಲಲ್ಲಿ ನನ್ನ ಕ್ರೆಡಿಟ್ ಕಾರ್ಡಿನಿಂದ ಬರೀ ಎರಡು ರೂಪಾಯಿ ಕತ್ತರಿಸಿಕೊಂಡರು, ಅವ್ವನ ಹೆಸರಿನ ಹೆಚ್ಚುವರಿ ಕಾರ್ಡಿನಿಂದ ಇನ್ನೆರಡು. ಒಳಗೆ ಮೆತ್ತನೆಯ ಕುರ್ಚಿಯಲ್ಲಿ ಕೂತು, ಇಡ್ಲಿ ತಿಂದು, ಚಹಾ ಕುಡಿದು, ಗಾಜಿನಾಚೆ ಇಳಿಯುವ ವಿಮಾನಗಳನ್ನು ನೋಡುತ್ತಾ ಅವಳು, “ನೀನು ಒಬ್ಬಳೇ ಇಲ್ಲೆಲ್ಲ ಹೀಗೆ ಕೂತಿರುತ್ತೀಯಾ?” ಎಂದು ಕೇಳಿದಳು. ಹೌದು ಎಂದೆ. ನನ್ನ ಕೆಲಸ ಎಂಥದ್ದು ಎಂದು ಅವ್ವ ಕಣ್ಣಾರೆ ಕಂಡದ್ದು ಅಂದೇ. ಅದಕ್ಕೆ ಪಾಯಿಂಟ್‌ಗೆ ಎಷ್ಟು ಪೈಸೆ ಎಂದು ಲೆಕ್ಕ ಹಾಕಲು ನನಗೆ ಬರುವುದಿಲ್ಲ.

ವಾರಾಣಸಿಯಲ್ಲಿ ಹೋಟೆಲ್ ಪಾಯಿಂಟ್‌ಗಳನ್ನು ನಾನು ಮುಟ್ಟಲಿಲ್ಲ. ದೊಡ್ಡ ಹೋಟೆಲುಗಳು ಹೆಚ್ಚಾಗಿ ದಂಡು ಪ್ರದೇಶದ ಕಡೆ ಇವೆ, ಗಂಗೆಯ ಘಟ್ಟದಿಂದ ದೂರ. ಅವ್ವನಿಗೆ ಬೇಕಾಗಿದ್ದದ್ದು ಜಂಗಮವಾಡಿ ಮಠ. ನಮ್ಮ ಕಡೆಯ ಜನ ತಲೆತಲಾಂತರದಿಂದ ಕಾಶಿಯಲ್ಲಿ ಇಳಿದುಕೊಳ್ಳುವುದು ಅಲ್ಲಿಯೇ. ಕನ್ನಡ ಕಿವಿಗೆ ಬೀಳುವ ಆ ಅಂಗಳದಲ್ಲಿ ರಾಯಚೂರು, ಕಲಬುರಗಿ, ವಿಜಯಪುರದ ಹೆಂಗಸರ ನಡುವೆ ಅವಳು ಮೊದಲ ಸಂಜೆಯೇ ನೆಂಟಸ್ತನ ಬೆಳೆಸಿಕೊಂಡಳು. ಲಿಂಗಸುಗೂರಿನ ಒಬ್ಬಾಕೆಗೆ ತಾನು ಬಂದ ಬಗೆಯನ್ನು ಹೇಳುತ್ತಾ, “ನಮ್ಮ ಹುಡುಗಿ ದುಡಿದು ಕೂಡಿಸಿದ ಪುಣ್ಯದ ಟಿಕೆಟ್” ಎಂದಳು. ಇಂಥಲ್ಲಿ ಪಾಯಿಂಟ್ ಇದೆ ಎಂಬ ಕಾರಣಕ್ಕೆ ಬೇಡದ ಕಡೆ ತಂಗುವುದಕ್ಕಿಂತ ಪಾಯಿಂಟ್ ಹಾಗೆಯೇ ಇರುವುದು ಮೇಲು. ನಮಗೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ತೋರಣಗಲ್ಲಿನಲ್ಲೇ ಹಯಾಟ್ ಪ್ಲೇಸ್ ಹಂಪಿ ಇದೆ. ಮುಂಬೈಯಿಂದ ಘಟಕ ನೋಡಲು ಬರುವ ಖರೀದಿದಾರರಿಗೆ ಅದು ಅನುಕೂಲ; ಹಂಪಿಯ ಬಜಾರಿನಲ್ಲಿ ಬೆಳಗಿನ ಜಾವ ನಡೆದಾಡಬೇಕೆನ್ನುವವರು ಹೊಸಪೇಟೆಯಲ್ಲೋ ಕಮಲಾಪುರದಲ್ಲೋ ಹಣ ಕೊಟ್ಟೇ ಉಳಿಯಬೇಕು.

ಹೆಸರಿನ ತೊಡಕು

ಕೊನೆಯದಾಗಿ ನಮ್ಮ ಹೆಸರುಗಳ ವಿಷಯ, ಏಕೆಂದರೆ ನಮ್ಮವರ ಪಾಯಿಂಟ್‌ಗಳು ಕೈತಪ್ಪುವುದು ಇಲ್ಲಿ. ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಮನೆತನದ ಹೆಸರು. ಟಿಕೆಟ್ಟಿನ ಹೆಸರೂ ಸದಸ್ಯತ್ವದ ಹೆಸರೂ ಹೊಂದದಿದ್ದರೆ ಪಾಯಿಂಟ್ ಖಾತೆಗೆ ಸೇರುವುದಿಲ್ಲ. ಆಮೇಲೆ ಕೇಳಿ ಪಡೆಯಬೇಕಾದರೆ ಬೋರ್ಡಿಂಗ್ ಪಾಸ್ ಬೇಕು, ಅದಕ್ಕೂ ಗಡುವಿದೆ. ಪಾಯಿಂಟ್ ಜಮೆಯಾಗುವವರೆಗೆ ಬ್ಯಾಗಿನಲ್ಲಿನ ಆ ಪಾಸ್ ಎಸೆಯಬೇಡಿ. ಬೇರೆಯವರ ಹೆಸರಿಗೆ ಟಿಕೆಟ್ ತೆಗೆಯಲು ಕೆಲವು ಯೋಜನೆಗಳಲ್ಲಿ ಮೊದಲೇ ನಾಮಿನಿ ಮಾಡಿರಬೇಕು. ಕ್ರಿಸ್‌ಫ್ಲೈಯರ್‌ನಲ್ಲಿ ಐವರಿಗೆ ಅವಕಾಶ. ಸದಸ್ಯತ್ವ ತೆಗೆದುಕೊಳ್ಳುವ ದಿನವೇ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು, ಅದರಲ್ಲಿದ್ದಂತೆಯೇ ಅಕ್ಷರಕ್ಕೆ ಅಕ್ಷರ ತುಂಬಿದರೆ ಮುಂದಿನ ಎಷ್ಟೋ ಪತ್ರವ್ಯವಹಾರ ತಪ್ಪುತ್ತದೆ.

ಈಗ ಅವ್ವನಿಗೆ ಪುರಿಯ ಜಗನ್ನಾಥನನ್ನು ನೋಡುವ ಆಸೆ ಹುಟ್ಟಿದೆ, ರಾಯಚೂರಿನ ಚಿಗವ್ವ ಜೊತೆಗೆ ಬರುತ್ತಾಳಂತೆ. ಚಿಗವ್ವ ಶಂಷಾಬಾದಿನಿಂದ, ನಾವು ಬೆಂಗಳೂರಿನಿಂದ ಹೊರಟು ಭುವನೇಶ್ವರದಲ್ಲಿ ಸೇರುವುದೆಂದು ಗೊತ್ತು ಮಾಡಿದ್ದೇವೆ. ಹೋಗುವ ಸೀಟುಗಳು ಪಾಯಿಂಟ್‌ಗೆ ಕಾಣಿಸುತ್ತಿವೆ, ಬರುವುದಕ್ಕೆ ಒಂದು ದಿನ ಹಿಂದೆ ಮುಂದೆ ಹುಡುಕಬೇಕು. ಚಿಗವ್ವನ ಆಧಾರ್‌ನಲ್ಲಿ ಹೆಸರು ಒಂದು ತರ, ಮತದಾರರ ಚೀಟಿಯಲ್ಲಿ ಇನ್ನೊಂದು ತರ ಇದೆ. ಅದನ್ನು ಸರಿಪಡಿಸಲು ತಮ್ಮ ಸೋಮವಾರ ರಾಯಚೂರಿಗೆ ಹೋಗುತ್ತಿದ್ದಾನೆ. ಅವನು ಫೋನ್ ಮಾಡಿದ ಮೇಲೆ ಟಿಕೆಟ್ ತೆಗೆಯುತ್ತೇನೆ.